ಕಾರ್ಲಾಫ್, ಲುಗೋಸಿ, ಕುಶಿಂಗ್, ಲೀ: ಹಳೆಯ ಭಯಾನಕ ಚಿತ್ರಗಳಲ್ಲಿ ನಮ್ಮನ್ನು ಹೆದರಿಸಿದವರು ನಟರೋ ನಿರ್ದೇಶಕರೋ?

ಕಪ್ಪುಬಿಳುಪು

ಹಳೆಯ ಭಯಾನಕ ಚಿತ್ರಗಳನ್ನು ಮೆಚ್ಚುವವರು ಎಲ್ಲಿ ಸೇರಿದರೂ ಮಾತು ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ: ಬೋರಿಸ್ ಕಾರ್ಲಾಫ್ ದೊಡ್ಡ ನಟರೋ, ಬೆಲಾ ಲುಗೋಸಿ ದೊಡ್ಡ ನಟರೋ? ನನ್ನ ಮತ ಯಾವತ್ತೂ ಕಾರ್ಲಾಫ್ ಅವರಿಗೇ. ಆದರೆ ಇದನ್ನು ಇಬ್ಬರು ನಟರ ನಡುವಿನ ಪಂದ್ಯವೆಂದು ನೋಡಿದರೆ ಮುಖ್ಯವಾದದ್ದೊಂದು ಕೈತಪ್ಪಿ ಹೋಗುತ್ತದೆ. ಪರದೆಯ ಮೇಲಿನ ಮುಖವೊಂದು ನಮ್ಮನ್ನು ಹೆದರಿಸಬೇಕಾದರೆ, ಆ ಮುಖವನ್ನು ಯಾವಾಗ ತೋರಿಸಬೇಕು, ಎಷ್ಟು ಹೊತ್ತು ತೋರಿಸಬೇಕು ಎಂಬುದನ್ನು ಬಲ್ಲವರೊಬ್ಬರು ಕ್ಯಾಮೆರಾದ ಹಿಂದೆ ಇರಲೇಬೇಕು. ಕಾರ್ಲಾಫ್ ಅವರಿಗೆ ನಿರ್ದೇಶಕ ಜೇಮ್ಸ್ ವೇಲ್ ಸಿಕ್ಕರು. ಲುಗೋಸಿಯವರಿಗೆ ಅಂಥವರು ಸಿಗಲಿಲ್ಲ.

ಹೋಲಿಕೆಗೆ 1931ರಷ್ಟು ಅನುಕೂಲವಾದ ವರ್ಷ ಇನ್ನೊಂದಿಲ್ಲ. ಫೆಬ್ರವರಿಯಲ್ಲಿ, ರಕ್ತ ಹೀರುವ ಡ್ರಾಕುಲನಾಗಿ ಲುಗೋಸಿ ನಟಿಸಿದ ಟಾಡ್ ಬ್ರೌನಿಂಗ್ ಅವರ ‘ಡ್ರಾಕುಲಾ’, ನವೆಂಬರಿನಲ್ಲಿ, ವಿಜ್ಞಾನಿ ಫ್ರಾಂಕೆನ್‌ಸ್ಟೈನ್ ಹೆಣಗಳಿಂದ ಸೃಷ್ಟಿಸಿದ ಜೀವಿಯಾಗಿ ಕಾರ್ಲಾಫ್ ನಟಿಸಿದ ವೇಲ್ ಅವರ ‘ಫ್ರಾಂಕೆನ್‌ಸ್ಟೈನ್’ ತೆರೆಕಂಡವು. ಎರಡನ್ನೂ ತಯಾರಿಸಿದ್ದು ಯೂನಿವರ್ಸಲ್ ಸ್ಟುಡಿಯೋ. ಎರಡೂ ಕಥೆಗಳು ಕಾದಂಬರಿಯಿಂದ ನೇರವಾಗಿ ಬರದೆ ರಂಗನಾಟಕದ ಹಾದಿಯಲ್ಲಿ ಸಿನಿಮಾಕ್ಕೆ ಬಂದವು. ಡ್ವೈಟ್ ಫ್ರೈ ಮತ್ತು ಎಡ್ವರ್ಡ್ ವ್ಯಾನ್ ಸ್ಲೋನ್ ಎರಡರಲ್ಲೂ ನಟಿಸಿದ್ದಾರೆ. ಶೀರ್ಷಿಕೆಗಳು ಮುಗಿದ ಮೇಲೆ ಹಿನ್ನೆಲೆ ಸಂಗೀತವೆಂಬುದು ಎರಡರಲ್ಲೂ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇಷ್ಟೆಲ್ಲ ಒಂದೇ ಆಗಿದ್ದರೂ, ಡ್ರಾಕುಲನ ಕೋಟೆಯಿಂದ ಕಥೆ ಲಂಡನ್ನಿಗೆ ಬಂದ ಕೂಡಲೇ ಮೊದಲನೆಯ ಚಿತ್ರ ಜಡವಾಗುತ್ತದೆ. ಎರಡನೆಯದು ಕೊನೆಯ ಗಾಳಿಗಿರಣಿಯ ಬೆಂಕಿಯವರೆಗೂ ಬಿಗಿ ಕಳೆದುಕೊಳ್ಳುವುದಿಲ್ಲ.

ಕಾರ್ಲಾಫ್ ಅವರ ಪ್ರವೇಶವನ್ನೇ ನೋಡಿ. ಬಾಗಿಲು ತೆರೆದುಕೊಳ್ಳುತ್ತದೆ, ಆ ಜೀವಿ ಬೆನ್ನು ತೋರಿಸುತ್ತ ಹಿಂದಡಿಯಿಟ್ಟು ಒಳಗೆ ಬರುತ್ತದೆ, ನಿಧಾನವಾಗಿ ತಿರುಗುತ್ತದೆ. ಆಮೇಲೆ ವೇಲ್ ಒಂದರ ಹಿಂದೆ ಒಂದರಂತೆ, ಪ್ರತಿ ಸಲ ಇನ್ನಷ್ಟು ಹತ್ತಿರಕ್ಕೆ ಜಿಗಿಯುತ್ತ ಆ ಮುಖವನ್ನು ತೋರಿಸುತ್ತಾರೆ. ಅಲ್ಲಿ ಕಿರುಚಾಟವಾಗಲಿ ಸಂಗೀತವಾಗಲಿ ಇಲ್ಲ. ಇದಾದ ಸ್ವಲ್ಪ ಹೊತ್ತಿಗೆ ಚಾವಣಿಯ ಕಿಂಡಿ ತೆರೆದಾಗ ಮೇಲಿನಿಂದ ಬೆಳಕು ಬೀಳುತ್ತದೆ. ಕಾರ್ಲಾಫ್ ತಲೆಯೆತ್ತಿ ಅದನ್ನು ನೋಡುತ್ತಾರೆ, ಎದ್ದು ನಿಲ್ಲುತ್ತಾರೆ, ಎರಡೂ ಕೈಗಳನ್ನು ಮೇಲೆತ್ತಿ ಬೆಳಕನ್ನು ಹಿಡಿಯಲು ಹೋಗುತ್ತಾರೆ. ಕಿಂಡಿ ಮುಚ್ಚಿದ ಮೇಲೆ ಅದೇ ಕೈಗಳು ಸೃಷ್ಟಿಕರ್ತನತ್ತ ಚಾಚಿ ಬೇಡುತ್ತವೆ. ಇಡೀ ಚಿತ್ರದಲ್ಲಿ ಅವರಿಗೆ ಒಂದೇ ಒಂದು ಮಾತಿಲ್ಲ, ಇರುವುದು ಗುರುಗುಟ್ಟುವಿಕೆ ಮಾತ್ರ. ಆದರೂ ಆ ಕೈಗಳನ್ನು ನೋಡಿದ ಮೇಲೆ ಆ ಜೀವಿಯನ್ನು ದ್ವೇಷಿಸಲು ನನ್ನಿಂದ ಸಾಧ್ಯವಾಗಿಲ್ಲ. ಭಯದ ಜೊತೆಗೆ ಕನಿಕರವನ್ನೂ ಹುಟ್ಟಿಸಿದ್ದೇ ಕಾರ್ಲಾಫ್ ಅವರ ದೊಡ್ಡತನವೆಂದು ನಾನು ನಂಬಿದ್ದೇನೆ. ಉಳಿದವರ ಅಭಿಪ್ರಾಯ ಕೇಳಲು ಕಾಯುತ್ತಿದ್ದೇನೆ.

ಮೂರನೆಯ ಗಂಟೆ

ಲುಗೋಸಿಯವರ ಪರವಾಗಿ ಯಾರಾದರೂ ಗಟ್ಟಿಯಾಗಿ ಮಾತಾಡಬೇಕು, ಆದ್ದರಿಂದ ಬರೆಯುತ್ತಿದ್ದೇನೆ. ಬ್ರೌನಿಂಗ್ ಅವರ ಚಿತ್ರ ಅರ್ಧಕ್ಕೆ ಬರುವಷ್ಟರಲ್ಲಿ ಸೊರಗುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಹಾಗಾದರೆ ಆ ಚಿತ್ರ ಇವತ್ತಿಗೂ ಉಳಿದದ್ದು ಯಾರಿಂದ? ಕಾರ್ಲಾಫ್ ಅವರಿಗೆ ವೇಲ್ ಇದ್ದರು, ಜಾಕ್ ಪಿಯರ್ಸ್ ಅವರ ಪ್ರಸಾಧನ ಇತ್ತು. ಲುಗೋಸಿಯವರಿಗೆ ಇದ್ದದ್ದು ಒಂದು ಮೇಲಂಗಿ, ಎರಡು ಕಣ್ಣು ಮತ್ತು ಆ ಧ್ವನಿ. ಕೋರೆಹಲ್ಲನ್ನೂ ಅವರಿಗೆ ಕೊಟ್ಟಿರಲಿಲ್ಲ.

ಅವರು ಹುಟ್ಟಿದ್ದು 1882ರಲ್ಲಿ, ಆಗ ಹಂಗೆರಿಗೆ ಸೇರಿದ್ದು ಈಗ ರೊಮೇನಿಯಾದಲ್ಲಿರುವ ಲುಗೋಜ್ ಊರಿನಲ್ಲಿ. ಪರದೆಯ ಮೇಲೆ ಬಳಸಿದ ಹೆಸರೂ ಆ ಊರಿನದೇ. 1927ರಲ್ಲಿ ಬ್ರಾಡ್‌ವೇ ರಂಗಮಂಚದ ಮೇಲೆ ಡ್ರಾಕುಲನಾಗಿ ನಿಂತಾಗ ಇಂಗ್ಲಿಷ್ ಅವರ ನಾಲಿಗೆಗೆ ಇನ್ನೂ ಹೊಂದಿಕೊಂಡಿರಲಿಲ್ಲ. ಆ ತೊಡಕನ್ನೇ ಅವರು ಪಾತ್ರದ ಶಕ್ತಿಯನ್ನಾಗಿ ಮಾಡಿಕೊಂಡರು. ತೋಳಗಳ ಊಳು ಕೇಳಿ ಅದನ್ನು ಸಂಗೀತವೆಂದು ಹೊಗಳುವಾಗ, ತಾನು ದ್ರಾಕ್ಷಾರಸ ಕುಡಿಯುವುದಿಲ್ಲ ಎಂದು ಅತಿಥಿಗೆ ಹೇಳುವಾಗ, ಪದ ಮತ್ತು ಪದದ ನಡುವೆ ಅವರು ಬಿಡುವ ಅಂತರವನ್ನು ಕೇಳಿಸಿಕೊಳ್ಳಿ. ಇಷ್ಟು ನಿಧಾನವಾಗಿ ಮಾತಾಡುವವನಿಗೆ ಶತಮಾನಗಳಷ್ಟು ಸಮಯವಿದೆ ಎಂದು ಕೇಳುವವರಿಗೆ ಅನ್ನಿಸಿಬಿಡುತ್ತದೆ. ಮೆಟ್ಟಿಲ ಮೇಲಿನ ಜೇಡರ ಬಲೆಯನ್ನು ಹರಿಯದೆ ಅವರು ದಾಟಿ ಹೋಗಿರುತ್ತಾರೆ, ಹಿಂದೆ ಬರುವ ಅತಿಥಿ ಮಾತ್ರ ಕೋಲಿನಿಂದ ಅದನ್ನು ಸರಿಸಬೇಕಾಗುತ್ತದೆ. ಅಲ್ಲಿ ಯಾವ ತಂತ್ರಕ್ಕಿಂತ ಹೆಚ್ಚಾಗಿ ಕೆಲಸ ಮಾಡುವುದು ಅವರ ನಿಲುವು.

ನಿರ್ದೇಶಕನೇ ಮುಖ್ಯ ಎನ್ನುವವರಿಗೆ ಒಂದು ಸಾಕ್ಷ್ಯವನ್ನು ಮುಂದಿಡುತ್ತೇನೆ. ಅದೇ ಸೆಟ್ಟುಗಳಲ್ಲಿ, ಬ್ರೌನಿಂಗ್ ತಂಡ ಹಗಲು ಕೆಲಸ ಮುಗಿಸಿ ಹೋದ ಮೇಲೆ, ರಾತ್ರಿ ಪಾಳಿಯಲ್ಲಿ ಜಾರ್ಜ್ ಮೆಲ್ಫರ್ಡ್ ಎಂಬ ನಿರ್ದೇಶಕರು ಸ್ಪ್ಯಾನಿಷ್ ಭಾಷೆಯ ‘ಡ್ರಾಕುಲಾ’ವನ್ನು ಚಿತ್ರಿಸಿದರು. ಆ ಚಿತ್ರ ಬ್ರೌನಿಂಗ್ ಅವರದಕ್ಕಿಂತ ಸುಮಾರು ಅರ್ಧ ಗಂಟೆ ಹೆಚ್ಚು ಉದ್ದವಾಗಿದೆ, ಅದರಲ್ಲಿ ಕ್ಯಾಮೆರಾ ಹೆಚ್ಚು ಚುರುಕಾಗಿ ಚಲಿಸುತ್ತದೆ, ದೃಶ್ಯಸಂಯೋಜನೆಯೂ ಹಲವೆಡೆ ಮೇಲುಮಟ್ಟದ್ದು. ಆದರೆ ಡ್ರಾಕುಲನ ಪಾತ್ರದಲ್ಲಿ ಕಾರ್ಲೋಸ್ ವಿಲಾರಿಯಾಸ್ ಇದ್ದಾರೆ, ಲುಗೋಸಿ ಇಲ್ಲ. ಎರಡನ್ನೂ ನೋಡಿದವರು ಯಾವ ಡ್ರಾಕುಲನನ್ನು ನೆನಪಿಟ್ಟುಕೊಂಡಿದ್ದಾರೆ ಎಂದು ಪ್ರಾಮಾಣಿಕವಾಗಿ ಹೇಳಲಿ. ವಾರಕ್ಕೆ 500 ಡಾಲರ್‌ನಂತೆ ಏಳು ವಾರಕ್ಕೆ ಒಟ್ಟು 3,500 ಡಾಲರ್ ಪಡೆದ ನಟ ಒಂದು ಸ್ಟುಡಿಯೋವನ್ನೇ ಮುಳುಗದಂತೆ ನಿಲ್ಲಿಸಿದರು. ಆ ಅನ್ಯಾಯ ನನ್ನನ್ನು ಈಗಲೂ ಕಾಡುತ್ತದೆ.

ಚೌಕಿಮನೆ

ಪ್ರಸಾಧನವೆಂದರೆ ನಟನಿಗೆ ಸಿಕ್ಕ ಊರುಗೋಲು ಎಂಬ ಧಾಟಿಯ ಮಾತನ್ನು ನಾನು ಒಪ್ಪಲಾರೆ. ಬಣ್ಣ ಹೆಚ್ಚಾದಷ್ಟೂ ನಟನ ಕೆಲಸ ಕಠಿಣವಾಗುತ್ತದೆ. ಯಕ್ಷಗಾನದ ತೆಂಕುತಿಟ್ಟಿನಲ್ಲಿ ರಕ್ಕಸನ ಪಾತ್ರ ಮಾಡುವ ಬಣ್ಣದ ವೇಷಧಾರಿ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಗಂಟೆಗಟ್ಟಲೆ ಕೂತು ಮುಖದ ಮೇಲೆ ಅಕ್ಕಿಹಿಟ್ಟಿನ ಉಬ್ಬುಚುಕ್ಕೆಗಳ ಚಿಟ್ಟಿ ಇಟ್ಟುಕೊಂಡು, ರಂಗಸ್ಥಳಕ್ಕೆ ಬಂದಾಗ ಒಮ್ಮೆಲೇ ಮುಖ ತೋರಿಸುವುದಿಲ್ಲ. ಅಡ್ಡ ಹಿಡಿದ ತೆರೆಯ ಹಿಂದೆ ಕುಣಿಯುತ್ತ, ಸ್ವಲ್ಪ ಸ್ವಲ್ಪವೇ ಕಾಣಿಸಿಕೊಳ್ಳುತ್ತ, ಚೆಂಡೆಯ ಬಿಡ್ತಿಗೆ ಎಂಬ ಬಡಿತಗಳ ನಡುವೆ ಪ್ರೇಕ್ಷಕರನ್ನು ಕಾಯಿಸಿ ಕಾಯಿಸಿ ಕೊನೆಗೆ ಇಡೀ ಮುಖವನ್ನು ಎದುರಿಗೆ ತರುತ್ತಾನೆ. ವೇಲ್ ಅವರು ಆ ಬಾಗಿಲ ದೃಶ್ಯದಲ್ಲಿ ಮಾಡಿದ್ದೂ ಇದೇ ಎಂದು ನನಗೆ ಕಾಣುತ್ತದೆ. ರಕ್ಕಸನ ಪ್ರವೇಶಕ್ಕೆ ಒಂದು ವಿಧಿಯಿದೆ, ಅದನ್ನು ಬಲ್ಲವರು ಯಾವ ದೇಶದವರಾದರೂ ಅದೇ ದಾರಿ ಹಿಡಿಯುತ್ತಾರೆ.

ಪಿಯರ್ಸ್ ಅವರಿಗೆ ಆ ಮುಖವನ್ನು ಕಟ್ಟಲು ದಿನಕ್ಕೆ ಸುಮಾರು ನಾಲ್ಕು ಗಂಟೆ ಹಿಡಿಯುತ್ತಿತ್ತು. ಹತ್ತಿ ಮತ್ತು ಕೊಲೋಡಿಯನ್ ಎಂಬ ಅಂಟುದ್ರವದ ಪದರಗಳಿಂದ ಹಣೆಯನ್ನು ಎತ್ತರಿಸಿ ನೆತ್ತಿಯನ್ನು ಚಪ್ಪಟೆ ಮಾಡಿದರು. ಕಪ್ಪುಬಿಳುಪು ಫಿಲ್ಮಿನಲ್ಲಿ ಹೆಣದ ಬಿಳಿಚು ಬರಲೆಂದು ಹಸಿರು ಛಾಯೆಯ ಬಣ್ಣ ಬಳಿದರು. ಇಲ್ಲಿ ನಟರ ಪಾಲನ್ನು ಗಮನಿಸಿ. ಕಣ್ಣು ತೀರಾ ಚುರುಕಾಗಿ ಕಾಣುತ್ತದೆ, ರೆಪ್ಪೆಗಳು ಭಾರವಾಗಬೇಕು ಎಂದು ಕಾರ್ಲಾಫ್ ಅವರೇ ಹೇಳಿದ್ದರಿಂದ ರೆಪ್ಪೆಯ ಮೇಲೆ ಮೇಣ ಬಂತು. ಬಾಯಿಯ ಒಂದು ಬದಿಯಲ್ಲಿದ್ದ ಕಟ್ಟುಹಲ್ಲನ್ನು ತೆಗೆದುಬಿಟ್ಟು ಕೆನ್ನೆ ಒಳಕ್ಕೆ ಕುಸಿಯುವಂತೆ ಮಾಡಿಕೊಂಡರು. ಭಾರವಾದ ಬೂಟು ತೊಟ್ಟು, ಗುಡ್ಡ ಹತ್ತುವ ದೃಶ್ಯಕ್ಕಾಗಿ, ಫ್ರಾಂಕೆನ್‌ಸ್ಟೈನ್ ಪಾತ್ರದ ಕಾಲಿನ್ ಕ್ಲೈವ್ ಅವರನ್ನು ಹೆಗಲ ಮೇಲೆ ಹೊತ್ತು ಮತ್ತೆ ಮತ್ತೆ ನಡೆದರು. ಆ ದುಡಿಮೆಯ ಬೆನ್ನುನೋವು ಅವರನ್ನು ಮುಂದೆಯೂ ಬಿಡಲಿಲ್ಲ. ನಟರ ಕೆಲಸದ ಅವಧಿಗೆ ಮಿತಿಯಿಲ್ಲದಿದ್ದ ಆ ಕಾಲದ ಅನುಭವದಿಂದಲೇ ಅವರು 1933ರಲ್ಲಿ ಹಾಲಿವುಡ್ ನಟರ ಸಂಘವನ್ನು ಕಟ್ಟಿದವರ ಸಾಲಿನಲ್ಲಿ ನಿಂತರು. ಅಷ್ಟು ಮಾಡಿದವರ ಹೆಸರು ಚಿತ್ರದ ಆರಂಭದ ಪಟ್ಟಿಯಲ್ಲಿ ಇಲ್ಲ, ಪಾತ್ರದ ಎದುರಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇದೆ; ಹೆಸರು ಬರುವುದು ಕೊನೆಯ ಪಟ್ಟಿಯಲ್ಲಿ.

ಕೊನೆಯ ಸಾಲು

ಕಾರ್ಲಾಫ್ ಅವರಿಗೆ ಭಾರತದ ನಂಟಿತ್ತು ಎಂದು ಕೇಳಿದ್ದೇನೆ. ನಿಜವೇ?

ಚೌಕಿಮನೆ

ನಿಜ. ಅವರ ಹುಟ್ಟುಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್, ಹುಟ್ಟಿದ್ದು 1887ರಲ್ಲಿ ಲಂಡನ್ನಿನಲ್ಲಿ. ತಂದೆ ಭಾರತದಲ್ಲಿ ಬ್ರಿಟಿಷ್ ಸರ್ಕಾರದ ನೌಕರಿಯಲ್ಲಿದ್ದವರು. ತಾಯಿಯ ತಾಯಿಯು ಸಿಯಾಮಿನ (ಈಗಿನ ಥಾಯ್ಲೆಂಡ್) ಅರಮನೆಯ ಶಿಕ್ಷಕಿಯಾಗಿ ಹೆಸರಾದ ಅನ್ನಾ ಲಿಯೊನೊವೆನ್ಸ್ ಅವರ ಒಡಹುಟ್ಟಿದವರು. ಅನ್ನಾ ಹುಟ್ಟಿದ್ದು ಅಹಮದ್‌ನಗರದಲ್ಲಿ. ಕಾರ್ಲಾಫ್ ಅವರ ಕುಟುಂಬದ ಎರಡೂ ಕಡೆಗಳಲ್ಲಿ ಆಂಗ್ಲೋ-ಇಂಡಿಯನ್ ರಕ್ತವಿತ್ತು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಅವರ ಮೈಬಣ್ಣದಿಂದಾಗಿ ಆರಂಭದ ವರ್ಷಗಳಲ್ಲಿ ಹಾಲಿವುಡ್ ಅವರಿಗೆ ಅರಬರ, ಭಾರತೀಯರ ಸಣ್ಣಪುಟ್ಟ ಪಾತ್ರಗಳನ್ನು ಕೊಡುತ್ತಿತ್ತು.

ಸಂಕಲನದ ಮೇಜು

ಈವರೆಗಿನ ಚರ್ಚೆಯೆಲ್ಲ ಮುಖದ ಸುತ್ತಲೇ ನಡೆದಿದೆ. ಮುಖವನ್ನೇ ತೋರಿಸದೆ ಹೆದರಿಸಿದವರನ್ನು ಮರೆಯಬಾರದು. ನನ್ನ ದೃಷ್ಟಿಯಲ್ಲಿ ಆ ಕಾಲದ ಅತಿ ದೊಡ್ಡ ಹೆಸರು ಒಬ್ಬ ನಟನದಲ್ಲ, ನಿರ್ದೇಶಕನದೂ ಅಲ್ಲ, ಆರ್‌ಕೆಒ ಸ್ಟುಡಿಯೋದ ನಿರ್ಮಾಪಕ ವಾಲ್ ಲ್ಯೂಟನ್ ಅವರದು. ಸ್ಟುಡಿಯೋದವರು ಮೊದಲು ಶೀರ್ಷಿಕೆ ಕೊಡುತ್ತಿದ್ದರು, ಕಡಿಮೆ ಹಣ ಕೊಡುತ್ತಿದ್ದರು, ಉಳಿದದ್ದನ್ನು ಲ್ಯೂಟನ್ ತಮ್ಮ ಇಷ್ಟದಂತೆ ಮಾಡುತ್ತಿದ್ದರು. 1942ರ ‘ಕ್ಯಾಟ್ ಪೀಪಲ್’ ಹುಟ್ಟಿದ್ದು ಹಾಗೆಯೇ. ನಿರ್ದೇಶಕ ಜಾಕ್ ಟೂರ್ನರ್, ಸಂಕಲನಕಾರ ಮಾರ್ಕ್ ರಾಬ್ಸನ್, ಖರ್ಚು ಒಂದೂವರೆ ಲಕ್ಷ ಡಾಲರಿಗಿಂತ ಕಡಿಮೆ.

ಅದರ ಒಂದು ದೃಶ್ಯವನ್ನು ಸಂಕಲನ ಕಲಿಯುವವರೆಲ್ಲ ಬಿಡಿಸಿ ನೋಡಬೇಕು. ಉದ್ಯಾನದ ಕಲ್ಲುಗೋಡೆಯ ಪಕ್ಕ ರಾತ್ರಿ ಆಲಿಸ್ ಎಂಬ ಹೆಣ್ಣುಮಗಳು ಒಬ್ಬಳೇ ನಡೆಯುತ್ತಾಳೆ, ತಾನು ಚಿರತೆಯಾಗಿ ಬದಲಾಗಬಹುದೆಂದು ನಂಬಿರುವ ಇನ್ನೊಬ್ಬಳು ಹಿಂಬಾಲಿಸುತ್ತಾಳೆ. ಸಂಗೀತವಿಲ್ಲ, ಎರಡು ಜೊತೆ ಹಿಮ್ಮಡಿಗಳ ಸದ್ದು ಮಾತ್ರ ಇದೆ. ಬೀದಿದೀಪದ ಬೆಳಕಿನ ವೃತ್ತ, ಕತ್ತಲು, ಮತ್ತೆ ಬೆಳಕು. ಯಾವುದೋ ಒಂದು ಕ್ಷಣದಲ್ಲಿ ಹಿಂದಿನ ಹೆಜ್ಜೆಗಳ ಸದ್ದು ನಿಂತಿರುತ್ತದೆ. ಅದು ನಿಂತದ್ದು ನಮಗೆ ತಡವಾಗಿ ಗೊತ್ತಾಗುತ್ತದೆ. ಆಲಿಸ್ ತಿರುಗಿ ನೋಡುತ್ತಾಳೆ, ಏನೂ ಇಲ್ಲ. ಹೆಜ್ಜೆ ಓಟವಾಗುತ್ತದೆ. ಥಟ್ಟನೆ ದೊಡ್ಡ ಬೆಕ್ಕು ಬುಸುಗುಟ್ಟಿದಂಥ ಸದ್ದಿನೊಂದಿಗೆ ಚೌಕಟ್ಟಿನೊಳಕ್ಕೆ ನುಗ್ಗುವುದು ಒಂದು ಬಸ್ಸು, ಆ ಸದ್ದು ಅದರ ಬ್ರೇಕಿನದು. ಇವತ್ತಿನ ಚಿತ್ರಗಳಲ್ಲಿ ಬೆಚ್ಚಿಬೀಳಿಸುವ ಅಬ್ಬರದ ಸದ್ದುಗಳೆಲ್ಲ ಆ ಬಸ್ಸಿನ ಮಕ್ಕಳು. ಆದರೆ ಈಗಿನವರು ಬಸ್ಸನ್ನು ಮಾತ್ರ ತೆಗೆದುಕೊಂಡು, ಅದರ ಹಿಂದಿನ ನಡಿಗೆಯ ತಾಳ್ಮೆಯನ್ನು ಬಿಟ್ಟುಬಿಟ್ಟಿದ್ದಾರೆ. ಅದೇ ನನ್ನ ದೂರು.

ಇಲ್ಲಿ ನಟಿಯ ಮುಖಕ್ಕೆ ವಿಶೇಷ ಕೆಲಸವಿಲ್ಲ, ಪ್ರಸಾಧನವಿಲ್ಲ, ಬೆಕ್ಕೂ ಇಲ್ಲ. ಹೆದರಿಸಿದ್ದು ಕತ್ತರಿ ಮತ್ತು ಸದ್ದು. ಆದ್ದರಿಂದ ಅಡಗಿಸುವುದೇ ಭಯಾನಕ ಸಿನಿಮಾದ ಮೊದಲ ವಿದ್ಯೆ, ತೋರಿಸುವುದು ಎರಡನೆಯದು ಎಂದು ನಾನು ವಾದಿಸುತ್ತೇನೆ.

ಕಪ್ಪುಬಿಳುಪು

‘ಕ್ಯಾಟ್ ಪೀಪಲ್’ ಬಗ್ಗೆ ನಿಮ್ಮ ಮಾತು ಪೂರ್ತಿ ಸರಿ. ಆದರೆ ಅಡಗಿಸುವುದನ್ನೇ ಮೊದಲ ವಿದ್ಯೆ ಎಂದು ನಿಯಮ ಮಾಡುವುದಕ್ಕೆ ನನ್ನ ವಿರೋಧವಿದೆ, ಅದಕ್ಕೆ ‘ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲೇ ಆಧಾರವಿದೆ. ಕೆರೆಯ ದಡದಲ್ಲಿ ಮರಿಯಾ ಎಂಬ ಪುಟ್ಟ ಹುಡುಗಿ ಆ ಜೀವಿಯನ್ನು ಕಂಡು ಹೆದರದೆ, ಕೈ ಹಿಡಿದು ಕರೆತಂದು ಹೂವು ಕೊಡುತ್ತಾಳೆ. ಇಬ್ಬರೂ ಒಂದೊಂದೇ ಹೂವನ್ನು ನೀರಿಗೆ ಹಾಕಿ ಅದು ತೇಲುವುದನ್ನು ನೋಡುತ್ತಾರೆ. ಕಾರ್ಲಾಫ್ ಅವರ ಮುಖದಲ್ಲಿ ಆಗ ಮೂಡುವ ನಗು ಇಡೀ ಚಿತ್ರದಲ್ಲಿ ಇನ್ನೆಲ್ಲೂ ಇಲ್ಲ. ಕೈಯಲ್ಲಿ ಹೂವು ಮುಗಿಯುತ್ತವೆ. ಹುಡುಗಿಯೂ ಹೂವಿನಂತೆಯೇ ತೇಲುತ್ತಾಳೆಂದು ತಿಳಿದು ಅವಳನ್ನು ಎತ್ತಿ ನೀರಿಗೆ ಹಾಕುತ್ತಾನೆ. ಅವಳು ಮುಳುಗಿದಾಗ ದಿಕ್ಕುತೋಚದೆ ನೀರನ್ನು ತಡಕಾಡಿ, ಗಾಬರಿಯಿಂದ ತೂರಾಡುತ್ತ ಓಡಿಹೋಗುತ್ತಾನೆ.

ಸೆನ್ಸಾರಿನವರಿಗೆ ಇದು ಸಹಿಸಲಾಗದೆ, ಅವನ ಕೈಗಳು ಹುಡುಗಿಯತ್ತ ಚಾಚುವಲ್ಲಿಗೇ ದೃಶ್ಯವನ್ನು ಕತ್ತರಿಸಲಾಯಿತು. ಹಾಗೆ ಕತ್ತರಿಸಿದ ಪ್ರತಿಗಳೇ ದಶಕಗಳ ಕಾಲ ಓಡಿದವು, ಕಳೆದುಹೋದ ತುಣುಕು ಚಿತ್ರಕ್ಕೆ ಮರಳಿ ಸೇರಿದ್ದು 1980ರ ದಶಕದಲ್ಲಿ. ಅಷ್ಟು ವರ್ಷ ಪ್ರೇಕ್ಷಕರು ಕಂಡದ್ದೇನು? ರಕ್ಕಸನೊಬ್ಬ ಮಗುವಿನತ್ತ ಕೈಚಾಚುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ತಂದೆಯೊಬ್ಬ ಮಗಳ ಹೆಣವನ್ನು ಎರಡೂ ಕೈಯಲ್ಲಿ ಹೊತ್ತು ಊರ ಹಬ್ಬದ ನಡುವೆ ನಡೆದುಬರುತ್ತಾನೆ. ನಡುವೆ ಏನಾಯಿತೆಂಬುದನ್ನು ಊಹೆಗೆ ಬಿಟ್ಟದ್ದರಿಂದ, ತಿಳಿಯದೆ ನಡೆದ ದುರಂತ ಅತಿ ಹೇಯವಾದ ಅಪರಾಧವಾಗಿ ಕಂಡಿತು. ಮರೆಮಾಚುವಿಕೆ ಇಲ್ಲಿ ಭಯವನ್ನು ಹೆಚ್ಚಿಸಿರಬಹುದು, ಕನಿಕರವನ್ನು ಕೊಂದುಹಾಕಿತು. ಆದ್ದರಿಂದ ಯಾವುದನ್ನು ಅಡಗಿಸಬೇಕು ಎಂಬುದರಷ್ಟೇ ಯಾವುದನ್ನು ಅಡಗಿಸಲೇಬಾರದು ಎಂಬ ತಿಳಿವಳಿಕೆಯೂ ನಿರ್ದೇಶಕನಿಗೆ ಬೇಕು.

ಕೆಂಪು ಪರದೆ

ಎಲ್ಲರೂ ಕಪ್ಪುಬಿಳುಪಿನಲ್ಲೇ ನಿಂತಿರುವುದರಿಂದ ಬಣ್ಣದ ಕಡೆಯಿಂದ ನಾನು ಬರುತ್ತೇನೆ. ಇಂಗ್ಲೆಂಡಿನ ಹ್ಯಾಮರ್ ಸಂಸ್ಥೆ 1957ರಲ್ಲಿ ‘ದಿ ಕರ್ಸ್ ಆಫ್ ಫ್ರಾಂಕೆನ್‌ಸ್ಟೈನ್’ ಮಾಡಿದಾಗ ಪಿಯರ್ಸ್ ಅವರ ಆ ಚಪ್ಪಟೆ ನೆತ್ತಿಯನ್ನು ಬಳಸುವಂತಿರಲಿಲ್ಲ, ಅದರ ಹಕ್ಕು ಯೂನಿವರ್ಸಲ್ ಕೈಯಲ್ಲಿತ್ತು. ಈ ನಿರ್ಬಂಧದಿಂದ ಒಳ್ಳೆಯದೇ ಆಯಿತು. ನಿರ್ದೇಶಕ ಟೆರೆನ್ಸ್ ಫಿಶರ್ ಮತ್ತು ಲೇಖಕ ಜಿಮ್ಮಿ ಸ್ಯಾಂಗ್‌ಸ್ಟರ್ ಕಥೆಯ ಭಾರವನ್ನು ಸೃಷ್ಟಿಯಿಂದ ಸೃಷ್ಟಿಕರ್ತನ ಮೇಲೆ ಸರಿಸಿದರು. ಪೀಟರ್ ಕುಶಿಂಗ್ ಅವರ ಬ್ಯಾರನ್ ಫ್ರಾಂಕೆನ್‌ಸ್ಟೈನ್ ಸುಸಂಸ್ಕೃತ, ಶಿಸ್ತಿನವನು, ಮನುಷ್ಯರ ಅಂಗಾಂಗಗಳನ್ನು ಸಾಮಾನಿನಂತೆ ಪರೀಕ್ಷಿಸುವವನು. ಕೆಲಸದ ನಡುವೆ ಕೈಗೆ ಮೆತ್ತಿದ ರಕ್ತವನ್ನು ತನ್ನ ಕೋಟಿಗೇ ಒರೆಸಿಕೊಂಡು ಮುಂದುವರಿಯುವ ಆ ಸಹಜತೆ ನನಗೆ ಯಾವ ರಕ್ಕಸನ ಮುಖಕ್ಕಿಂತಲೂ ಭಯಂಕರವಾಗಿ ಕಾಣುತ್ತದೆ. ಕೈಯಲ್ಲಿ ಯಾವ ವಸ್ತುವಿದ್ದರೂ ಅದರೊಂದಿಗೆ ನಟಿಸಬಲ್ಲವರು ಕುಶಿಂಗ್. ನನ್ನ ಮೆಚ್ಚಿನ ನಟ ಅವರೇ.

ಮರುವರ್ಷದ ‘ಡ್ರಾಕುಲಾ’ದಲ್ಲಿ ಕ್ರಿಸ್ಟೋಫರ್ ಲೀ ಮೆಟ್ಟಿಲುಗಳ ಮೇಲೆ ಬರೀ ನೆರಳಾಗಿ ಕಾಣಿಸಿಕೊಳ್ಳುತ್ತಾರೆ. ಲುಗೋಸಿಯವರ ಆ ನಿಧಾನಗತಿಯನ್ನೇ ನಿರೀಕ್ಷಿಸುತ್ತಿರುವ ನಮ್ಮೆದುರು ಅವರು ಚುರುಕಾಗಿ ಇಳಿದು ಬಂದು, ಅವಸರದ ಗೃಹಸ್ಥನಂತೆ ಸಭ್ಯವಾಗಿ ಎರಡು ಮಾತಾಡಿ, ಅತಿಥಿಯ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು ಕೋಣೆಗೆ ಕರೆದೊಯ್ಯುತ್ತಾರೆ. ಆ ಸಭ್ಯತೆಯ ನಂತರವೇ ಗ್ರಂಥಾಲಯದ ಬಾಗಿಲಲ್ಲಿ ಕೆಂಪುಗಣ್ಣು, ರಕ್ತ ಮೆತ್ತಿದ ಬಾಯಿ ಪ್ರತ್ಯಕ್ಷವಾಗುವುದು. ಹಿಂದೆ ಸಂಕಲನಕಾರರಾಗಿದ್ದ ಫಿಶರ್ ಅವರಿಗೆ ಈ ಎರಡು ಮುಖಗಳ ನಡುವೆ ಎಷ್ಟು ಅಂತರವಿರಬೇಕೆಂಬುದು ಚೆನ್ನಾಗಿ ಗೊತ್ತಿತ್ತು. ಕೊನೆಯಲ್ಲಿ, ಡ್ರಾಕುಲನನ್ನು ಬೇಟೆಯಾಡುವವನ ಪಾತ್ರದ ಕುಶಿಂಗ್ ಉದ್ದನೆಯ ಮೇಜಿನ ಮೇಲೆ ಓಡಿ ಹಾರಿ ಪರದೆಗಳನ್ನು ಕಿತ್ತು ಬಿಸಿಲನ್ನು ಒಳಗೆ ತರುತ್ತಾರಲ್ಲ, ಅದು ಕುಶಿಂಗ್ ಅವರೇ ಕೊಟ್ಟ ಸಲಹೆ. ನಟರೋ ನಿರ್ದೇಶಕರೋ ಎಂಬ ಪ್ರಶ್ನೆಗೆ ಹ್ಯಾಮರ್ ಕೊಡುವ ಉತ್ತರ ಇದು: ಹೇಳುವ ನಟ, ಕೇಳುವ ನಿರ್ದೇಶಕ ಇಬ್ಬರೂ ಅಲ್ಲಿದ್ದರು.

1966ರ ‘ಡ್ರಾಕುಲಾ: ಪ್ರಿನ್ಸ್ ಆಫ್ ಡಾರ್ಕ್‌ನೆಸ್’ನಲ್ಲಿ ಲೀ ಅವರಿಗೆ ಒಂದೂ ಮಾತಿಲ್ಲ. ಸಂಭಾಷಣೆ ಕಳಪೆಯಾಗಿದ್ದರಿಂದ ತಾವೇ ಅದನ್ನು ಆಡಲು ಒಪ್ಪಲಿಲ್ಲ ಎಂದು ಲೀ ಹೇಳುತ್ತಿದ್ದರು. ತಾನು ಮಾತು ಬರೆದೇ ಇರಲಿಲ್ಲ ಎಂದು ಸ್ಯಾಂಗ್‌ಸ್ಟರ್ ಹೇಳುತ್ತಿದ್ದರು. ಯಾರ ಮಾತು ಸರಿಯಿದ್ದರೂ ಪರದೆಯ ಮೇಲಿನ ಫಲ ಬದಲಾಗುವುದಿಲ್ಲ: ಆರಡಿ ಐದಂಗುಲದ ಆ ಆಳು ಮಾತಿಲ್ಲದೆ ಬಾಗಿಲಲ್ಲಿ ನಿಂತರೆ ಸಾಕು.

ಕೊನೆಯ ಸಾಲು

ವಿನ್ಸೆಂಟ್ ಪ್ರೈಸ್ ಅವರನ್ನು ಯಾರೂ ಹೆಸರಿಸಲಿಲ್ಲ. ರೋಜರ್ ಕಾರ್ಮನ್ 1960ರಲ್ಲಿ ಎಡ್ಗರ್ ಅಲನ್ ಪೋ ಅವರ ಕಥೆಯಿಂದ ಮಾಡಿದ ‘ಹೌಸ್ ಆಫ್ ಅಶರ್’ ಚಿತ್ರದಲ್ಲಿ ಅವರು ಹೆದರಿಸುವವರಲ್ಲ, ಹೆದರಿದವರು. ಚಿಕ್ಕ ಸದ್ದೂ ತಾಳಲಾಗದ ಮನುಷ್ಯನ ಪಾತ್ರವನ್ನು ಪಿಸುಮಾತಿಗೆ ಸಮೀಪದ ಧ್ವನಿಯಲ್ಲೇ ನಿಭಾಯಿಸಿದ್ದಾರೆ. ಚಿತ್ರದಲ್ಲಿ ರಕ್ಕಸನೇ ಇಲ್ಲವಲ್ಲ ಎಂದು ಹಣ ಹಾಕಿದವರು ತಕರಾರು ಮಾಡಿದಾಗ, ಮನೆಯೇ ರಕ್ಕಸ ಎಂದು ಕಾರ್ಮನ್ ಉತ್ತರಿಸಿದರಂತೆ. 1964ರ ‘ದಿ ಮಾಸ್ಕ್ ಆಫ್ ದಿ ರೆಡ್ ಡೆತ್’ ಇದಕ್ಕಿಂತಲೂ ಸುಂದರ, ಅದಕ್ಕೆ ಕ್ಯಾಮೆರಾ ಹಿಡಿದವರು ಮುಂದೆ ನಿರ್ದೇಶಕರಾದ ನಿಕೋಲಸ್ ರೋಗ್. ಈ ಎರಡನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.

ದೀಪದ ಬೆಳಕು

ಇಷ್ಟು ಬರಹಗಳನ್ನು ಓದಿದ ಮೇಲೆ ಒಂದು ಮಾತು ಹೇಳಲೇಬೇಕೆನಿಸಿತು. ಇಲ್ಲಿ ಹೋಲಿಸಿದ ನಟರೆಲ್ಲರೂ ಗಂಡಸರು. ಹೆಣ್ಣು ಈ ಚಿತ್ರಗಳಲ್ಲಿ ಬರೀ ಚೀರುವುದಕ್ಕೆ ಇದ್ದಳೆಂಬ ಅಭಿಪ್ರಾಯ ನಮ್ಮಲ್ಲಿ ಹಾಗೆಯೇ ಉಳಿದುಬಿಟ್ಟಿದೆ, ಅದು ನಿಜವಲ್ಲ. ವೇಲ್ ಅವರ 1935ರ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ ಎಲ್ಸಾ ಲ್ಯಾಂಚೆಸ್ಟರ್ ಆರಂಭದಲ್ಲಿ ಕಥೆಗಾರ್ತಿ ಮೇರಿ ಶೆಲ್ಲಿಯಾಗಿ, ಕೊನೆಯಲ್ಲಿ ವಧುವಾಗಿ ಬರುತ್ತಾರೆ. ವಧುವಾಗಿ ಅವರು ಪರದೆಯ ಮೇಲಿರುವುದು ಕೆಲವೇ ನಿಮಿಷ. ಹಕ್ಕಿಯಂತೆ ತಟತಟನೆ ತಿರುಗುವ ಕತ್ತು, ಹಂಸಗಳಿಂದ ಕಲಿತ ಆ ಬುಸುಗುಟ್ಟುವಿಕೆ, ತನಗಾಗಿ ಗೊತ್ತುಮಾಡಿದ ಗಂಡನನ್ನು ಕಂಡ ಕೂಡಲೇ ಸ್ಪಷ್ಟವಾಗಿ ತಿರಸ್ಕರಿಸುವ ಆ ನೋಟ, ಇಷ್ಟರಿಂದಲೇ ಚಿತ್ರ ಅವರದಾಗುತ್ತದೆ.

ನನ್ನ ಮೆಚ್ಚಿನ ಚಿತ್ರ ಮಾತ್ರ 1961ರ ‘ದಿ ಇನೊಸೆಂಟ್ಸ್’. ನಿರ್ದೇಶಕ ಜ್ಯಾಕ್ ಕ್ಲೇಟನ್, ಮೂಲ ಹೆನ್ರಿ ಜೇಮ್ಸ್ ಅವರ ನೀಳ್ಗತೆ. ಡೆಬೊರಾ ಕರ್ ಇಬ್ಬರು ಮಕ್ಕಳ ಆರೈಕೆಗೆ ಬಂದ ಶಿಕ್ಷಕಿ. ಅಗಲ ಪರದೆಯ ಚಿತ್ರವಾದ್ದರಿಂದ ಇಕ್ಕೆಲದಲ್ಲೂ ಜಾಗ ಹೆಚ್ಚು; ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಅಂಚುಗಳಿಗೆ ಬಣ್ಣ ಬಳಿದ ಫಿಲ್ಟರುಗಳನ್ನು ಬಳಸಿ ಆ ಜಾಗಕ್ಕೆ ಕತ್ತಲು ತುಂಬಿದರು. ಆದರೆ ಅತಿ ಭಯದ ದೃಶ್ಯ ಕತ್ತಲಲ್ಲಿಲ್ಲ. ಹಾಡುಹಗಲಲ್ಲಿ, ಕೆರೆಯ ಆಚೆಗೆ, ಜೊಂಡಿನ ನಡುವೆ ಕಪ್ಪು ಉಡುಪಿನ ಹೆಂಗಸೊಬ್ಬಳು ಅಲುಗಾಡದೆ ನಿಂತಿದ್ದಾಳೆ. ಅವಳು ಹತ್ತಿರ ಬರುವುದಿಲ್ಲ, ಏನನ್ನೂ ಮಾಡುವುದಿಲ್ಲ. ಮಗು ಅವಳನ್ನು ಕಂಡಿತೋ ಇಲ್ಲವೋ ಗೊತ್ತಾಗುವುದಿಲ್ಲ. ಕಂಡದ್ದು ಶಿಕ್ಷಕಿ, ನಾವು ಓದಬೇಕಾದದ್ದು ಅವಳ ಮುಖವನ್ನು. ದೆವ್ವ ಅಲ್ಲಿದೆಯೋ ಅಥವಾ ನೋಡುವವಳ ಮನಸ್ಸಿನಲ್ಲಿದೆಯೋ ಎಂಬ ಅನುಮಾನವನ್ನು ಡೆಬೊರಾ ಕರ್ ಕೊನೆಯವರೆಗೂ ಬಿಟ್ಟುಕೊಡುವುದಿಲ್ಲ.

ಕನ್ನಡದ ಪ್ರೇಕ್ಷಕರಿಗೆ ಈ ಬಗೆಯ ಅಭಿನಯ ಹೊಸದಲ್ಲ. ಪಿ. ವಾಸು ಅವರ 2004ರ ‘ಆಪ್ತಮಿತ್ರ’ದಲ್ಲಿ, ಫಾಜಿಲ್ ಅವರ 1993ರ ಮಲಯಾಳಂ ಚಿತ್ರದಲ್ಲಿ ಶೋಭನಾ ಮಾಡಿದ್ದ ಪಾತ್ರವನ್ನು ಸೌಂದರ್ಯ ವಹಿಸಿಕೊಂಡರು. ಗಂಗಾ ಮತ್ತು ನಾಗವಲ್ಲಿಯ ನಡುವಿನ ಅಂತರವನ್ನು ದಾಟಿಸುವುದು ಮೊದಲು ಅವರ ಕಣ್ಣು, ಆಮೇಲೆ ದನಿ. ಬಣ್ಣ ಮತ್ತು ಗೆಜ್ಜೆ ಬರುವುದು ಎಲ್ಲಕ್ಕೂ ಕೊನೆಗೆ. ಚಿತ್ರ ತೆರೆಗೆ ಬರುವ ಮೊದಲೇ, ಆ ವರ್ಷದ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಿದ್ದರು. ಆ ಅಭಿನಯವನ್ನು ಇಲ್ಲಿ ಹೆಸರಿಸಿದ ಯಾರ ಪಕ್ಕದಲ್ಲಿಟ್ಟು ನೋಡುವುದಕ್ಕೂ ನನಗೆ ಸಂಕೋಚವಿಲ್ಲ.

ಕೆಂಪು ಪರದೆ

ಫ್ರೆಡ್ಡಿ ಫ್ರಾನ್ಸಿಸ್ ಅವರ ಹೆಸರು ಬಂದದ್ದು ಸಂತೋಷ. ಅವರೇ ಮುಂದೆ ನಿರ್ದೇಶಕರಾಗಿ 1972ರಲ್ಲಿ ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’ ಮಾಡಿದರು. ಅದರಲ್ಲಿ ಹೆಂಡತಿಯನ್ನು ಕಳೆದುಕೊಂಡ ಒಂಟಿ ಮುದುಕನ ಪಾತ್ರ ಕುಶಿಂಗ್ ಅವರದು. ಹಿಂದಿನ ವರ್ಷವಷ್ಟೇ ಅವರ ಪತ್ನಿ ಹೆಲೆನ್ ತೀರಿಕೊಂಡಿದ್ದರು. ಸತ್ತ ಹೆಂಡತಿಯ ಚಿತ್ರದೊಂದಿಗೆ ಆ ಮುದುಕ ಮಾತಾಡುವ ದೃಶ್ಯದಲ್ಲಿ ಫ್ರಾನ್ಸಿಸ್ ಕ್ಯಾಮೆರಾವನ್ನು ಸುಮ್ಮನೆ ಬಿಟ್ಟಿದ್ದಾರೆ. ಕುಶಿಂಗ್ ಅವರನ್ನು ಕೇವಲ ಚಾಕು ಹಿಡಿದ ವೈದ್ಯನೆಂದು ಬಲ್ಲವರು ಇದನ್ನು ತಪ್ಪದೆ ನೋಡಬೇಕು.

ಸಂಕಲನದ ಮೇಜು

ಮರಿಯಾಳ ದೃಶ್ಯದ ಬಗ್ಗೆ ಬಂದ ವಾದ ಬಲವಾಗಿದೆ. ಆದರೆ ಅಲ್ಲಿ ಅಡಗಿಸಿದವನು ನಿರ್ದೇಶಕನಲ್ಲ, ಹೊರಗಿನ ಕತ್ತರಿ. ನಿರ್ದೇಶಕನೇ ಬಯಸಿ ಅಡಗಿಸಿದ ಒಂದು ಉದಾಹರಣೆಯನ್ನು ಕಾರ್ಲಾಫ್ ಅವರ ಚಿತ್ರದಿಂದಲೇ ಕೊಡುತ್ತೇನೆ, ಏಕೆಂದರೆ ಈ ಚರ್ಚೆಯ ಎರಡೂ ಪಕ್ಷಗಳು ಅಲ್ಲಿ ಕೂಡುತ್ತವೆ. 1945ರ ‘ದಿ ಬಾಡಿ ಸ್ನ್ಯಾಚರ್’ ಲ್ಯೂಟನ್ ನಿರ್ಮಾಣದ್ದು. ನಿರ್ದೇಶಕ ರಾಬರ್ಟ್ ವೈಸ್, ಹಿಂದೆ ‘ಸಿಟಿಜನ್ ಕೇನ್’ ಸಂಕಲನ ಮಾಡಿದವರು. 1963ರಲ್ಲಿ ‘ದಿ ಹಾಂಟಿಂಗ್’ ಚಿತ್ರದಲ್ಲಿ ಬರೀ ಉಬ್ಬುವ ಬಾಗಿಲಿನಿಂದ ಇಡೀ ಜಗತ್ತನ್ನು ಹೆದರಿಸಿದವರೂ ಅವರೇ. ಕಾರ್ಲಾಫ್ ಇಲ್ಲಿ ರಕ್ಕಸನಲ್ಲ, ವೈದ್ಯಕೀಯ ಶಾಲೆಗೆ ಹೆಣ ಒದಗಿಸುವ ಎಡಿನ್‌ಬರೋದ ಗಾಡಿಯವನು. ಮೇಣವಿಲ್ಲ, ಹತ್ತಿಯಿಲ್ಲ, ಹಸಿರು ಬಣ್ಣವಿಲ್ಲ; ನಗುಮುಖವಿದೆ.

ಬೀದಿಯಲ್ಲಿ ಹಾಡಿ ಬೇಡುವ ಹುಡುಗಿಯೊಬ್ಬಳು ರಾತ್ರಿ ಕಮಾನಿನ ಕೆಳಗಿನ ಕತ್ತಲಿಗೆ ನಡೆದು ಹೋಗುತ್ತಾಳೆ. ಅವಳು ಕಾಣುವುದಿಲ್ಲ, ಹಾಡು ಕೇಳುತ್ತಲೇ ಇರುತ್ತದೆ. ಕಾರ್ಲಾಫ್ ಅವರ ಗಾಡಿ ಅದೇ ದಾರಿಯಲ್ಲಿ ಸಾವಕಾಶವಾಗಿ ಹೋಗಿ ಕತ್ತಲು ಸೇರುತ್ತದೆ. ಕ್ಯಾಮೆರಾ ಕದಲುವುದಿಲ್ಲ. ಖಾಲಿ ಬೀದಿ, ಹಾಡು, ಮತ್ತೆ ಹಾಡು. ಸಾಲಿನ ನಡುವೆ ಹಾಡು ಕಡಿದುಹೋಗುತ್ತದೆ. ಅಷ್ಟೇ. ಮುಂದೆ ಇದೇ ಚಿತ್ರದಲ್ಲಿ, ಹಣ ಕೀಳಲು ಬಂದ ಸೇವಕನಿಗೆ ಕುಡಿಸಿ, ಹಿಂದಿನ ಕೊಲೆಗಾರರು ಉಸಿರು ಕಟ್ಟಿಸುತ್ತಿದ್ದ ಬಗೆಯನ್ನು ವಿವರಿಸುತ್ತ ವಿವರಿಸುತ್ತ, ಸ್ನೇಹದ ದನಿಯಲ್ಲೇ ಅವನ ಮೂಗುಬಾಯಿಗಳನ್ನು ಅಂಗೈಯಿಂದ ಮುಚ್ಚಿ ಕಾರ್ಲಾಫ್ ಕೊಲ್ಲುತ್ತಾರೆ. ಆ ಸೇವಕನ ಪಾತ್ರ ಬೆಲಾ ಲುಗೋಸಿಯವರದು. ಅವರಿಬ್ಬರೂ ಕೂಡಿ ನಟಿಸಿದ ಕೊನೆಯ ಚಿತ್ರ ಅದು. ಮೊದಲನೆಯದನ್ನು ವೈಸ್ ಅಡಗಿಸಿದರು, ಎರಡನೆಯದನ್ನು ಕಣ್ಣೆದುರಿಗೇ ತೋರಿಸಿದರು, ಎರಡೂ ಸರಿಯಾದ ತೀರ್ಮಾನಗಳೇ.

ಮೂರನೆಯ ಗಂಟೆ

‘ದಿ ಬಾಡಿ ಸ್ನ್ಯಾಚರ್’ನಲ್ಲಿ ಲುಗೋಸಿಯವರನ್ನು ನೋಡುವುದು ನನಗೆ ಸಂಕಟದ ಕೆಲಸ. ಆ ಹೊತ್ತಿಗೆ ಅವರ ಆರೋಗ್ಯ ಕೆಟ್ಟಿತ್ತು, ಕೊಟ್ಟ ಪಾತ್ರವೂ ಚಿಕ್ಕದು. ಅವರನ್ನು ಅಳೆಯುವುದಾದರೆ 1939ರ ‘ಸನ್ ಆಫ್ ಫ್ರಾಂಕೆನ್‌ಸ್ಟೈನ್’ನಿಂದ ಅಳೆಯಿರಿ. ಅಲ್ಲಿ ಮೇಲಂಗಿಯಿಲ್ಲ, ಬಾಚಿದ ಕೂದಲಿಲ್ಲ. ಗಲ್ಲಿಗೇರಿಸಿದರೂ ಸಾಯದೆ ಉಳಿದ ಇಗೋರ್ ಎಂಬ ಕಮ್ಮಾರ ಅವರು. ಕೆದರಿದ ಗಡ್ಡ, ಒಂದು ಬದಿಗೆ ವಾಲಿದ ತಲೆ, ಗೊರಗೊರ ದನಿ, ಯಾವಾಗಲೂ ತುಂಟತನ ಹೊಳೆಯುವ ಕಣ್ಣು. ಮುರಿದು ಹೊರಚಾಚಿದ ಕುತ್ತಿಗೆಯ ಮೂಳೆಯನ್ನು ಬೆರಳಗೆಣ್ಣಿನಿಂದ ತಟ್ಟಿ ಸದ್ದು ಕೇಳಿಸುವಾಗ ಅವನಿಗೆ ಅದು ಹೆಮ್ಮೆಯ ಸಂಗತಿ. ಬ್ರಾಡ್‌ವೇಯ ಡ್ರಾಕುಲನ ಒಂದು ಕುರುಹೂ ಅಲ್ಲಿ ಉಳಿದಿಲ್ಲ. ಅದೇ ಚಿತ್ರದಲ್ಲಿ ಕಾರ್ಲಾಫ್ ಮೂರನೆಯ ಹಾಗೂ ಕೊನೆಯ ಬಾರಿಗೆ ಆ ಜೀವಿಯ ಪಾತ್ರ ಮಾಡಿದ್ದಾರೆ, ಆದರೆ ಮಾಡಲು ಅವರಿಗೆ ಹೆಚ್ಚೇನೂ ಉಳಿದಿಲ್ಲ. ಚಿತ್ರ ಇಗೋರನದು.

ಅದು ಸಾಧ್ಯವಾದದ್ದು ನಿರ್ದೇಶಕ ರೋಲ್ಯಾಂಡ್ ವಿ. ಲೀ ಅವರು ಚಿತ್ರೀಕರಣ ನಡೆಯುತ್ತಿದ್ದಂತೆಯೇ ಆ ಪಾತ್ರವನ್ನು ಬೆಳೆಸುತ್ತ ಹೋದದ್ದರಿಂದ. ಈ ಮಟ್ಟಿಗೆ, ನಟನಿಗೆ ಜಾಗ ಬಿಡಬಲ್ಲ ನಿರ್ದೇಶಕ ಬೇಕು ಎಂಬ ಮೊದಲ ಬರಹದ ಮಾತಿಗೆ ನನ್ನ ತಕರಾರಿಲ್ಲ. ಕಾರ್ಲಾಫ್ ಅವರಿಗೆ ಅದು ಮತ್ತೆ ಮತ್ತೆ ಸಿಕ್ಕಿತು, ಲುಗೋಸಿಯವರಿಗೆ ಒಮ್ಮೆ ಸಿಕ್ಕಿತು. ಸಿಕ್ಕಾಗ ಅವರು ಏನು ಮಾಡಿದರೆಂಬುದನ್ನು ನೋಡಿ ತೀರ್ಪು ಕೊಡಿ ಎಂಬುದಷ್ಟೇ ನನ್ನ ಕೋರಿಕೆ.

ಕಪ್ಪುಬಿಳುಪು

ಇಗೋರನ ಎದುರು ಕಾರ್ಲಾಫ್ ಮಂಕಾದದ್ದನ್ನು ನಾನೂ ಒಪ್ಪುತ್ತೇನೆ. ನನ್ನ ಮತ ಈಗಲೂ ಕೆರೆದಂಡೆಯ ಆ ಕೈಗಳಿಗೇ, ಆದರೆ 1939ರ ಮಟ್ಟಿಗೆ ಗೆಲುವು ನಿಮ್ಮ ನಟರದು. ಚೌಕಿಮನೆಯವರು ಬಿಡುವು ಮಾಡಿಕೊಂಡು ಕುಶಿಂಗ್ ಅವರ ಬ್ಯಾರನ್ ಮತ್ತು ಕಾಲಿನ್ ಕ್ಲೈವ್ ಅವರ ಫ್ರಾಂಕೆನ್‌ಸ್ಟೈನ್ ಪಾತ್ರಗಳನ್ನು ಹೋಲಿಸಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಸೃಷ್ಟಿಕರ್ತನ ಪಾತ್ರದ ಬಗ್ಗೆ ನಾವಿನ್ನೂ ಸರಿಯಾಗಿ ಮಾತೇ ಆಡಿಲ್ಲ.